ಹೆಂಗಸರ ಕಡೆಯ ಟೇಪು

ಕ್ಯಾಮೆರಾ ಎಲ್ಲಿ ಎಂದು ಕಂಪ್ಯೂಟರು ಕೇಳುತ್ತಿತ್ತು. ಕ್ಯಾಮೆರಾ ಅದರ ಮಗ್ಗುಲಲ್ಲೇ ಕೂತಿತ್ತು. ತಹಾನಿ ತಂತಿಯನ್ನು ಕಿತ್ತು, ತುದಿಗೆ ಬಾಯಿಂದ ಊದಿ, ಮತ್ತೆ ಚುಚ್ಚಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಕ್ಯಾಮೆರಾದ ಗುಂಡಿಯನ್ನು ಚಿತ್ರ ತೆಗೆಯುವ ಕಡೆಯಿಂದ ಟೇಪು ಓಡಿಸುವ ಕಡೆಗೆ ತಿರುಗಿಸಿ ಕಾದಳು. ಕಂಪ್ಯೂಟರಿನ ಹಿಂದಿನ ಕಿಂಡಿ ಬಿಟ್ಟು ಮುಂದಿನ ಕಿಂಡಿಗೆ ಹಾಕಿ ನೋಡಿದಳು, ಪೆಟ್ಟಿಗೆಯ ತಳದಿಂದ ಹಳೆಯ ತಂತಿಯೊಂದನ್ನು ಹುಡುಕಿ ತಂದು ಅದನ್ನೂ ನೋಡಿದಳು. ಪರದೆಯ ಮೇಲೆ ಅದೇ ಬೂದು ಚೌಕ, ಅದೇ ಒಂದು ಸಾಲು: ಯಾವ ಕ್ಯಾಮೆರಾವೂ ಸಿಕ್ಕಿಲ್ಲ. "ಕಣ್ಣು ಕುರುಡೇನೋ ನಿಂಗೆ? ಮೂಗಿನ ಕೆಳಗೇ ಇದೆಯಲ್ಲೋ, ಮುಟ್ಠಾಳ" ಎಂದು ಬೈದಳು. ಬೈದ ಮೇಲೆ ತನ್ನದೇ ಧ್ವನಿ ಕಿವಿಗೆ ಬಿದ್ದು ಕೈ ತಾನಾಗಿ ಬಾಯಿಗೆ ಹೋಯಿತು. ಇದೇ ಧ್ವನಿ, ಇದೇ ಬೈಗುಳ, ಕ್ಯಾಮೆರಾದೊಳಗಿನ ಟೇಪಿನಲ್ಲಿ ಉದ್ದಕ್ಕೂ ತುಂಬಿಕೊಂಡಿತ್ತು. ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ಮದುಮಗಳ ತಾಯಿ ಉಮ್ ಹಾತಿಮ್ ಮಗಳನ್ನು ಕರೆದುಕೊಂಡು ಆ ಟೇಪನ್ನೇ ನೋಡಲು ಬರುವವಳಿದ್ದಳು.

ಬರುವುದು ರೂಢಿ. ಮದುವೆಯ ಹೆಂಗಸರ ಕೂಟದಲ್ಲಿ ತಲೆವಸ್ತ್ರ ತೆಗೆದಿಟ್ಟು, ತೋಳು ಬಿಟ್ಟು, ಬೆವರಿಳಿಯುವಂತೆ ಕುಣಿದವರ ಚಿತ್ರ ಯಾರ ಯಾರ ಮನೆಗೋ ಹೋಗುವ ಮೊದಲು ಮದುಮಗಳ ತಾಯಿ ಕೂತು ನೋಡಬೇಕು, ಇವಳನ್ನು ಕತ್ತರಿಸು, ಇವಳ ಗಂಡ ಒಪ್ಪುವುದಿಲ್ಲ, ಇವಳು ಬಸುರಿ, ಇವಳಿಗೂ ನಮಗೂ ಮಾತಿಲ್ಲ ಎನ್ನಬೇಕು, ಆಮೇಲೆ ಡಿಸ್ಕು. ತಹಾನಿ ಅವರು ಬರುವ ಹೊತ್ತಿಗೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಸಭಾಂಗಣದ ಗದ್ದಲವನ್ನೆಲ್ಲ ಬಳಿದು ಹಾಕಿ, ಮೇಲೆ ಹಾಡು ಕೂರಿಸಿರುತ್ತಿದ್ದಳು. ತನ್ನ ಗೊಣಗಾಟವೂ ಆ ಗದ್ದಲದ ಜೊತೆಗೇ ಹೋಗುತ್ತಿತ್ತು. ಎಂದು ಶುರುವಾಯಿತೋ ಅವಳಿಗೇ ನೆನಪಿಲ್ಲ. ಮೊದಮೊದಲು, ಈಗ ಉಂಗುರ, ಈಗ ಕೈ, ಅಯ್ಯೋ ಬಲಕ್ಕೆ ಸರಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಡೋಲಿನ ಅಬ್ಬರದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬಾಯಿ ಸಡಿಲವಾಯಿತು. ಯಾರ ಸೊಂಟ, ಯಾರ ಬಣ್ಣ, ಯಾರು ಇನ್ನೊಬ್ಬರ ಚಿನ್ನ ತೊಟ್ಟು ಬಂದಿದ್ದಾಳೆ, ಯಾರು ಮೂರನೇ ಸಲ ತಟ್ಟೆ ತುಂಬಿಸಿಕೊಂಡಳು. ಮನೆಯಲ್ಲಿ ದಿನವಿಡೀ ನಾಲ್ಕು ಮಾತಾಡದವಳು ಕ್ಯಾಮೆರಾದ ಹಿಂದೆ ನಿಂತರೆ ಸಂತೆಯಾಗುತ್ತಿದ್ದಳು. ಅದೊಂದು ಸುಖವಿತ್ತು, ಸುಳ್ಳು ಹೇಳಬಾರದು. ತುರಿಕೆಯನ್ನು ಕೆರೆದುಕೊಂಡಂಥ ಸುಖ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳ ಮಾತು ಹೋಗಿರಲಿಲ್ಲ, ಅದೇ ಗೋಳು. ಕ್ಯಾಮೆರಾ ಪೂರ್ತಿ ಕೆಟ್ಟು ಹೋಗಿದ್ದರೆ ಅತ್ತು ಕರೆದು ಪಾರಾಗಬಹುದಿತ್ತು, ಪಾಪ ಎನ್ನುತ್ತಿದ್ದರು. ಆದರೆ ಟೇಪು ನೆಟ್ಟಗೆ ಓಡುತ್ತಿತ್ತು. ಹಳದಿ, ಕೆಂಪು, ಬಿಳಿ ತಂತಿಗಳನ್ನು ಟಿವಿಗೆ ಸಿಕ್ಕಿಸಿದರೆ ಚಿತ್ರವೂ ಬರುತ್ತಿತ್ತು, ಧ್ವನಿಯೂ ಬರುತ್ತಿತ್ತು. ಬೆಳಿಗ್ಗೆ ಸಿಕ್ಕಿಸಿ ನೋಡಿದ್ದಳು. ಸಭಾಂಗಣದ ಬಾಗಿಲು, ಹೂವಿನ ಕಮಾನು, ಅಷ್ಟರಲ್ಲೇ ತೀರ ಹತ್ತಿರದಿಂದ, ಯಾರೋ ಬೆನ್ನ ಹಿಂದೆ ನಿಂತು ಹೇಳಿದಂತೆ: "ಬಂದ್ಲಪ್ಪ ಉಮ್ ಹಾತಿಮ್, ಕಿಟಕಿ ಪರದೆ ಸುತ್ಕೊಂಡು." ತಹಾನಿ ಹಾರಿಬಿದ್ದು ಟಿವಿ ಆರಿಸಿದ್ದಳು. ಅಷ್ಟು ಒರಟಾದ, ಅಷ್ಟು ವಯಸ್ಸಾದ ಧ್ವನಿ ತನ್ನದು ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಮುಂದೆ ಏನೇನಿದೆ ಎಂದು ನೋಡುವ ಧೈರ್ಯವಾಗಲಿಲ್ಲ. ಏನೇನಿದೆಯೋ ನೆನಪೂ ಇರಲಿಲ್ಲ. ಉಗುಳಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಫೋನು ಬಂದಾಗ ಇನ್ನೊಂದು ತಪ್ಪು ಮಾಡಿದಳು. "ಏನಮ್ಮ ತಹಾನಿ, ನಾಳೆ ಬೆಳಿಗ್ಗೆ ಹುಡುಗಿ ಕುವೈತಿಗೆ ಹೊರಡ್ತಾಳೆ, ಡಿಸ್ಕು ಇಲ್ದೆ ಕಳಿಸ್ಲಾ?" ಎಂದು ಉಮ್ ಹಾತಿಮ್ ಕೇಳಿದಳು. ಕ್ಯಾಮೆರಾ ಕಂಪ್ಯೂಟರಿಗೆ ಹತ್ತುತ್ತಿಲ್ಲ ಎಂದಷ್ಟೇ ಹೇಳಬಹುದಿತ್ತು. ಆದರೆ ಆ ಕಡೆಯಿಂದ ಬೈಗುಳ ಬರುವ ಮೊದಲು ಏನಾದರೂ ಎಸೆಯಲೇಬೇಕಿತ್ತು. "ನಮ್ಮ ವಿಸಾಲಳ ಮಕ್ಕಳು ತಂತಿ ಜಗ್ಗಿಬಿಟ್ಟಿವೆ ಉಮ್ ಹಾತಿಮ್, ಏನ್ ಮಾಡ್ಲಿ, ಮನೇಲಿ ಹೇಳೋರು ಕೇಳೋರು ಇಲ್ಲ" ಎಂದಳು. ವಿಸಾಲ್ ತಮ್ಮನ ಹೆಂಡತಿ. ಮನೆ ತಮ್ಮನದು, ಕೋಣೆ ತಮ್ಮನದು, ಟಿವಿ ವಿಸಾಲಳ ತವರಿನದು. ಗೋಡೆಯಾಚೆ ವಿಸಾಲ್ ಸೌತೆಕಾಯಿ ಹೆಚ್ಚುವ ಟಕಟಕ ಕೇಳುತ್ತಿತ್ತು. ಈ ಮಾತಿಗೆ ಅದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು. "ತಂತಿ ಹೋದ್ರೆ ಹೋಗ್ಲಿ, ಟಿವಿಗೆ ಹಾಕಿ ತೋರ್ಸು. ನಮ್ಮಮ್ಮನ್ನೂ ಕರ್ಕೊಂಡು ಬರ್ತೀನಿ" ಎಂದು ಉಮ್ ಹಾತಿಮ್ ಫೋನಿಟ್ಟಳು. ಟಿವಿಗೆ ಹಾಕಬಹುದೆಂದು ಅವಳಿಗೂ ಗೊತ್ತಿತ್ತು, ಸುಡುಗಾಡು.

ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಮೆಟ್ಟಿಲು ಇಳಿದು ಪೇಟೆಗೆ ಹೋದಳು. ಗುಡ್ಡದ ಮೇಲಿನ ಸಲ್ತ್ ಊರಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಹೀಗೆ ಇಳಿಯಬೇಕು, ಆಮೇಲೆ ಏದುಸಿರು ಬಿಡುತ್ತ ಹತ್ತಬೇಕು. ಹೊಸಿಲಲ್ಲಿ ಕೂತ ಹೆಂಗಸರು ಸಲಾಂ ಹೇಳಿದರೆ ಇವಳಿಗೆ ಬೇರೆಯೇ ಕೇಳಿಸುತ್ತಿತ್ತು. ಇವರೆಲ್ಲ ಯಾವುದೋ ಒಂದು ಮದುವೆಯಲ್ಲಿ ತನ್ನ ಮುಂದೆ ಕುಣಿದವರು. ಈ ಹಸಿರು ಬಾಗಿಲಿನವಳಿಗೆ ಒಂಟೆ ಎಂದಿದ್ದೆ. ಈ ಕುಂಟು ಕಾಲಿನವಳಿಗೆ ಏನೆಂದಿದ್ದೆನೋ, ದೇವರೇ. ಅವರು ನಂಬಿ ತಲೆವಸ್ತ್ರ ತೆಗೆದಿದ್ದರು. ಗಂಡಸಿನ ಕಣ್ಣು ಬೀಳಬಾರದೆಂದು ತಾನೇ ತನ್ನನ್ನು ಕರೆದದ್ದು. ಗಂಡಸಿನ ಕಣ್ಣೇ ವಾಸಿಯಿತ್ತೇನೋ. ಹಿಂದೆ ಒಮ್ಮೆ ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋದ ಮೇಲೆ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಅಂದಿದ್ದಳು: ಮುಖಕ್ಕೇನೂ ಕಮ್ಮಿಯಿಲ್ಲ, ಈ ಮುಖ ಇಟ್ಟುಕೊಂಡು ಹಾಗೆ ಮಾತಾಡಿದರೆ ಯಾರು ಕರ್ಕೊಂಡು ಹೋಗ್ತಾರೆ. ಏನು ಮಾತಾಡಿದ್ದೆ ನಾನು? ಗಂಡಿನ ತಾಯಿ ಸಕ್ಕರೆ ಹಾಕಿಕೊಳ್ಳುವುದನ್ನು ನೋಡಿ ಏನೋ ಅಂದಿದ್ದೆ. ನಕ್ಕಾರು ಎಂದುಕೊಂಡಿದ್ದೆ. ಅಂದಿನಿಂದ ಜನರ ಮುಂದೆ ಬಾಯಿ ಮುಚ್ಚಿದವಳು, ಒಳ್ಳೆಯವಳಾದೆ ಎಂದೇ ನಂಬಿಕೊಂಡಿದ್ದಳು.

ರಿಪೇರಿಯ ಅಬು ಜರೀರ್ ಅಂಗಡಿಯ ಮುಂದೆ ಸೇಜ್ ಎಲೆಯ ಚಹಾ ಕುಡಿಯುತ್ತ ಕೂತಿದ್ದ. ಟೇಪನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಕ್ಯಾಮೆರಾ ಕೊಟ್ಟಳು. ಅವಳ ತಂತಿಯನ್ನು ತನ್ನ ಅಂಗಡಿಯಲ್ಲಿದ್ದ ಇನ್ನೊಂದು ಕ್ಯಾಮೆರಾಕ್ಕೆ ಹಾಕಿದ. ಅವನ ಕಂಪ್ಯೂಟರು ಕೂಡಲೇ ಗುರುತಿಸಿತು. ಅದೇ ತಂತಿಯನ್ನು ಇವಳ ಕ್ಯಾಮೆರಾಕ್ಕೆ ಹಾಕಿದ, ಏನೂ ಇಲ್ಲ. "ತಂತಿ ಚೆನ್ನಾಗಿದೆ. ಕಂಪ್ಯೂಟರಿಂದೂ ತಪ್ಪಲ್ಲ" ಎಂದು ಕ್ಯಾಮೆರಾದ ಬದಿಯ ಪುಟ್ಟ ಮುಚ್ಚಳ ಸರಿಸಿ, ಭೂತಗಾಜು ಹಿಡಿದು ನೋಡಿದ. "ತಂಗಿ, ಕ್ಯಾಮೆರಾ ಕಂಪ್ಯೂಟರು ಎರಡೂ ಚಾಲೂ ಇರೋವಾಗ ತಂತಿನ ಉಲ್ಟಾ ಒತ್ತಿದ್ರಾ?"

"ಇಲ್ಲ" ಎಂದಳು. ಒತ್ತಿದ್ದಳು. ನಿನ್ನೆ, ಊಟಕ್ಕೆ ಬಾ ಎಂದು ವಿಸಾಲ್ ಕರೆದಳೆಂದು ರೇಗಿ, ನೋಡದೆ, ಹೆಬ್ಬೆರಳಿನಿಂದ ಒತ್ತಿ ತುರುಕಿದ್ದಳು. ಸಣ್ಣಗೆ ಸುಟ್ಟ ವಾಸನೆಯೂ ಬಂದಿತ್ತು, ಅಡುಗೆಮನೆಯದು ಎಂದುಕೊಂಡಿದ್ದಳು.

"ಯಾರೋ ಒತ್ತಿದಾರೆ" ಎಂದ ಅಬು ಜರೀರ್, ಅವಳ ಮುಖ ನೋಡದೆ. "ಒಳಗಡೆ ಸುಟ್ಟಿದೆ. ಅಮ್ಮಾನ್ ಪಟ್ಟಣಕ್ಕೆ ಕಳಿಸ್ಬೇಕು. ವಾರ ಹತ್ತು ದಿನ ಅಂತಾರೆ, ತಿಂಗಳು ಮಾಡ್ತಾರೆ. ಅರ್ಜೆಂಟಾ?"

"ಇವತ್ತೇ ಬೇಕಿತ್ತು."

"ಅಷ್ಟೇ ತಾನೆ? ಈ ಇನ್ನೊಂದಿದೆಯಲ್ಲ, ನಿಮ್ಮ ಟೇಪು ಇದಕ್ಕೆ ಹಿಡಿಸುತ್ತೆ. ಗಿರಾಕಿದು, ಅಂಗಡಿಯಿಂದಾಚೆ ಕೊಡೋಕಾಗಲ್ಲ. ಟೇಪು ಕೊಡಿ, ನಾನೇ ಇಳಿಸಿ ಕೊಡ್ತೀನಿ. ನೀವು ತರಕಾರಿ ಗಿರಕಾರಿ ತಗೊಂಡ್ ಬನ್ನಿ."

ಕೊಡಬಾರದು ಎಂದು ತಹಾನಿಗೆ ಗೊತ್ತಿತ್ತು. ಅವಳ ಕಸುಬಿನಲ್ಲಿ ನಿಯಮವೆಂದು ಇದ್ದದ್ದು ಅದೊಂದೇ: ಹೆಂಗಸರ ಕಡೆಯ ಟೇಪು ಗಂಡಸಿನ ಕೈಗೆ ಹೋಗಬಾರದು. ಅದಕ್ಕಾಗಿಯೇ ಊರು ಅವಳಿಗೆ ಬಾಗಿಲು ತೆರೆಯುತ್ತಿತ್ತು. ಆದರೆ ಮನಸ್ಸು ಗಿರಗಿರನೆ ಲೆಕ್ಕ ಹಾಕಿತು. ಇವನೊಬ್ಬ ನೋಡುತ್ತಾನೆ, ಒಳ್ಳೆಯವನು, ನೋಡಿದ್ದನ್ನು ಯಾರಿಗೂ ಹೇಳುವವನಲ್ಲ. ಸಭಾಂಗಣ ತುಂಬ ಹೆಂಗಸರು ತೋಳು ಬಿಟ್ಟು ಕುಣಿಯುವುದನ್ನು ಇವನು ನೋಡಿದರೆ ಅವರಿಗೆ ಗೊತ್ತಾಗುವುದಿಲ್ಲ. ನಾನು ಅಂದದ್ದು ಅವರಿಗೆ ಕೇಳಿಸಿದರೆ ನನಗೆ ಗೊತ್ತಾಗುತ್ತದೆ. ಕೈ ಚೀಲದೊಳಗೆ ಹೋಯಿತು. ಟೇಪು ತೆಗೆದು, ಗಾಜಿನ ಮೇಜಿನ ಮೇಲೆ ಅವನ ಕಡೆಗೆ ಸರಿಸಿಯೂ ಆಯಿತು. ಅಬು ಜರೀರ್ ಎತ್ತಿಕೊಳ್ಳಲು ಹೋದವನು ಮೇಲೆ ಅಂಟಿಸಿದ ಚೀಟಿ ಓದಿ, ಕಾದ ಕಾವಲಿ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡ.

"ಅಸ್ತಗ್‌ಫಿರುಲ್ಲಾ. ದೇವರು ಕ್ಷಮಿಸ್ಲಿ, ಇದು ಹೆಂಗಸರ ಕಡೇದು! ನಾನು ಗಂಡಸರದು ಅಂದ್ಕೊಂಡೆ. ಉಮ್ ಹಾತಿಮ್ ಮನೆ ಮದುವೇದು ತಾನೆ? ನನ್ನ ಹೆಂಡ್ತಿ ಹೋಗಿದ್ಲು, ನನ್ನ ಇಬ್ಬರು ತಂಗೀರು ಹೋಗಿದ್ರು." ಅವನು ಬೀದಿಯ ಕಡೆ ಮುಖ ತಿರುಗಿಸಿದ. "ತೆಗೀರಿ, ಒಳಗಿಡಿ. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ."

"ಮರೆತೆ" ಎಂದಳು ತಹಾನಿ. ಅವನು ನಂಬಿದವನಂತೆ ತಲೆಯಾಡಿಸಿದ, ಅದು ಇನ್ನೂ ಕೆಟ್ಟದಾಗಿತ್ತು. ಟೇಪನ್ನೂ ಕ್ಯಾಮೆರಾವನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಇವತ್ತು ರಾತ್ರಿ ಅವನು ಹೆಂಡತಿಗೆ ಹೇಳುತ್ತಾನೆ, ಹೇಳದೆ ಇರುತ್ತಾನೆಯೇ, ಆ ಕ್ಯಾಮೆರಾದವಳು ಟೇಪನ್ನು ನನ್ನ ಕೈಗೇ ಕೊಟ್ಟಳು ಕಣೇ ಎಂದು. ಅಥವಾ ಹೇಳುವುದಿಲ್ಲ, ಅವಳ ಮಾನ ಕಾಯುತ್ತಾನೆ. ತಾನು ಯಾರ ಮಾನವನ್ನು ಮೇಜಿನ ಮೇಲೆ ಸರಿಸಿದ್ದಳೋ ಅವರದೇ ಗಂಡ, ಅಣ್ಣ. ಊರಿನಲ್ಲಿ ಇನ್ನೊಬ್ಬಳು ಚಿತ್ರ ತೆಗೆಯುವವಳಿದ್ದಳು, ಅವಳದು ದೊಡ್ಡ ಟೇಪಿನ ಹಳೆಯ ಕ್ಯಾಮೆರಾ, ಇದು ಹಿಡಿಸುವುದಿಲ್ಲ. ದಾರಿಯುದ್ದಕ್ಕೂ ಟೇಪನ್ನು ಎಲ್ಲಾದರೂ ಬೀಳಿಸಿಬಿಡಲೇ ಎಂದು ಯೋಚಿಸಿದಳು. ಒಂದು ಕಡೆ ಚರಂಡಿಯ ಬಳಿ ನಿಂತೂ ನಿಂತಳು. ಆದರೆ ಆ ಮದುಮಗಳು ರನೀಮ್, ಮದುವೆಯ ದಿನ ಇಡೀ ಸಭೆಯಲ್ಲಿ ಅವಳೊಬ್ಬಳೇ ಇವಳ ಬಳಿಗೆ ಬಂದು, ನೀವು ಊಟ ಮಾಡಿದ್ರಾ ಎಂದು ಕೇಳಿದ್ದಳು. ಇವಳು ನಕ್ಕು ಆಯ್ತಮ್ಮ ಎಂದಿದ್ದಳು. ಅವಳು ಆಚೆ ಹೋದ ಮೇಲೆ ಏನೋ ಅಂದಿದ್ದಳು, ಅದೂ ಟೇಪಿನಲ್ಲಿತ್ತು.

ಮನೆಗೆ ಬಂದಾಗ ಉಪಾಯ ಹೊಳೆಯಿತು, ಎಷ್ಟು ಸುಲಭವೆಂದರೆ ಇಷ್ಟು ಹೊತ್ತು ಒದ್ದಾಡಿದ್ದಕ್ಕೆ ನಗು ಬಂತು. ಹಳದಿ ತಂತಿಯದು ಚಿತ್ರ, ಕೆಂಪು ಬಿಳಿಯದು ಧ್ವನಿ. ಹಳದಿಯನ್ನಷ್ಟೇ ಟಿವಿಗೆ ಸಿಕ್ಕಿಸಿ, ಉಳಿದ ಎರಡನ್ನೂ ಮೇಜಿನ ಹಿಂದೆ ಇಳಿಬಿಟ್ಟಳು. ಧ್ವನಿಯೂ ಕೆಟ್ಟಿದೆ ಎಂದರಾಯಿತು. ಕೆಟ್ಟದ್ದರ ಜೊತೆ ಇನ್ನೊಂದು ಕೆಟ್ಟರೆ ಯಾರು ಕೇಳುತ್ತಾರೆ.

ಅವರು ಬಂದರು. ಉಮ್ ಹಾತಿಮ್, ರನೀಮ್, ಇಬ್ಬರ ನಡುವೆ ಕೋಲೂರಿಕೊಂಡು ಅಜ್ಜಿ ಹಜ್ಜಾ ಖದ್ರಾ. ಬಾಗಿಲಲ್ಲೇ ಉಮ್ ಹಾತಿಮ್ ವಿಸಾಲಳನ್ನು ಹಿಡಿದುಕೊಂಡಳು. "ಮಕ್ಕಳನ್ನ ಸ್ವಲ್ಪ ಹದ್ದುಬಸ್ತಿನಲ್ಲಿ ಇಟ್ಕೊಳಮ್ಮ. ನಮ್ಮ ಹುಡುಗಿ ಮದುವೆ ಒಂದೇ ಸಲ ಆಗೋದು." ವಿಸಾಲ್ ತಹಾನಿಯ ಕಡೆ ನೋಡಿದಳು. ಸಿಟ್ಟಿನಿಂದ ಅಲ್ಲ, ಉಪ್ಪು ಎಲ್ಲಿಟ್ಟಿದ್ದೀಯ ಎಂದು ಕೇಳುವವಳಂತೆ ಸುಮ್ಮನೆ ನೋಡಿದಳು. ತಹಾನಿ ಟಿವಿಯ ಧೂಳು ಒರೆಸತೊಡಗಿದಳು. "ತಪ್ಪಾಯ್ತು ಉಮ್ ಹಾತಿಮ್" ಎಂದು ವಿಸಾಲ್ ಕಾಫಿ ಕಾಸಲು ಒಳಗೆ ಹೋದಳು. ಹೋಗುವಾಗ ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳ ತಲೆ ನೇವರಿಸಿ ಹೋದದ್ದು ತಹಾನಿಗೆ ಕಾಣಿಸಿತು, ಕಾಣಿಸದಿದ್ದರೆ ಚೆನ್ನಾಗಿತ್ತು.

ಧ್ವನಿಯಿಲ್ಲದ ಮದುವೆ ಶುರುವಾಯಿತು. ಹೆಂಗಸರು ಬಾಯಿ ತೆರೆದು ಮುಚ್ಚಿ, ಕೈ ಎತ್ತಿ, ಭುಜ ಕುಣಿಸಿ ಕುಣಿಯುತ್ತಿದ್ದರು. ಉಮ್ ಹಾತಿಮ್ ಬೆರಳು ತೋರಿಸಿ ಹೇಳತೊಡಗಿದಳು. ಇವಳನ್ನು ತೆಗಿ. ಇವಳ ಬೆನ್ನು ಇರಲಿ, ಮುಖ ಬೇಡ. ಅಯ್ಯೋ ನನ್ನ ನೋಡು, ದೇವರೇ, ಎಷ್ಟು ದಪ್ಪ ಕಾಣ್ತೀನಿ! "ಏನಿಲ್ಲ, ಚೆನ್ನಾಗೇ ಇದೀರ, ಬಟ್ಟೆ ಚೆನ್ನಾಗಿದೆ" ಎಂದಳು ತಹಾನಿ, ಪರದೆಯಲ್ಲಿ ಅದೇ ಕ್ಷಣಕ್ಕೆ ತಾನು ಏನು ಹೇಳುತ್ತಿರಬಹುದೆಂದು ಬಲ್ಲವಳು. ಬರುಬರುತ್ತ ಎದೆ ಹಗುರಾಯಿತು. ಒಂದೆರಡು ಸಲ ನಕ್ಕಳು ಕೂಡ. ಆಮೇಲೆ ಪರದೆಯ ಮೇಲೆ ಅಜ್ಜಿ ಬಂದಳು. ಕಮಾನಿನ ಕೆಳಗೆ ನಿಂತು, ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು, ಮದುಮಗಳ ಹೆಸರು ಹಿಡಿದು ಹರಸುವ ಆವೀಹಾ ಹಾಡು ಕಟ್ಟಿ ಹಾಡುತ್ತಿದ್ದಳು. ಬಾಯಿ ಮಾತ್ರ ಅಲ್ಲಾಡುತ್ತಿತ್ತು.

"ಅಯ್ಯೋ, ಧ್ವನಿ!" ರನೀಮ್ ಎದ್ದು ಕೂತಳು. "ತಹಾನಿ, ಧ್ವನಿ ಬರ್ಲೇಬೇಕು. ನನಗೆ ಬೇರೇನೂ ಬೇಡ, ಕುಣಿದಿದ್ದು ಬೇಡ, ಕೇಕು ಬೇಡ. ಅಜ್ಜಿ ನನ್ನ ಹೆಸರು ಸೇರಿಸಿ ಹಾಡಿದ್ದು ಇದೊಂದೇ. ಅಲ್ಲಿ ಹೋಗಿ ಕೇಳೋಣ ಅಂತಲೇ ಕಾಯ್ತಿದ್ದೆ."

"ಕೆಟ್ಟಿದೆ ಕಣಮ್ಮ. ಏನ್ ಮಾಡ್ಲಿ."

"ಪೂರ್ತಿನಾ?"

"ಪೂರ್ತಿ."

ಹುಡುಗಿಯ ಕಣ್ಣು ತುಂಬಿಕೊಂಡಿತು. ಅಜ್ಜಿ ಪರದೆಯನ್ನೇ ನೋಡುತ್ತ ನಗುತ್ತಿದ್ದಳು; ಅವಳಿಗೆ ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಅರ್ಧ, ಧ್ವನಿ ಬರುತ್ತಿಲ್ಲ ಎಂದೂ ಅವಳಿಗೆ ಗೊತ್ತಿರಲಿಲ್ಲ. ವಿಸಾಲ್ ಕಾಫಿಯ ತಟ್ಟೆ ಹಿಡಿದು ಬಂದಳು. ತಟ್ಟೆ ಇಡಲು ಬಗ್ಗಿದವಳು ಹಾಗೆಯೇ ಮೇಜಿನ ಹಿಂದಕ್ಕೆ ಕಣ್ಣು ಹಾಯಿಸಿದಳು. "ಇಲ್ಲಿ ನೋಡು, ಕೆಂಪು ಬಿಳಿ ಎರಡೂ ಕೆಳಗೆ ಬಿದ್ದಿವೆ" ಎಂದು ಮಂಡಿಯೂರಿ ಕೈ ಹಾಕಿದಳು. "ಮಕ್ಕಳೇ ಕಿತ್ತಿರ್ಬೇಕು." ಬೇಡ ಎಂದು ಕೂಗಲು ತಹಾನಿ ಬಾಯಿ ತೆರೆಯುವಷ್ಟರಲ್ಲಿ ಅವಳು ಎರಡನ್ನೂ ಟಿವಿಗೆ ಸಿಕ್ಕಿಸಿಯಾಗಿತ್ತು.

ಡೋಲು, ಚಪ್ಪಾಳೆ, ನೂರು ಹೆಂಗಸರ ಗಲಾಟೆ ಕೋಣೆಗೆ ನುಗ್ಗಿತು. ಅದೆಲ್ಲದರ ಆಚೆ, ಪಕ್ಕದ ಮನೆಯಿಂದ ಬಂದಂತೆ ಅಜ್ಜಿಯ ತೆಳ್ಳನೆಯ ಹಾಡು. ಅದೆಲ್ಲದರ ಈಚೆ, ಕೋಣೆಯಲ್ಲೇ ಕೂತು ಹೇಳುತ್ತಿರುವಂತೆ ತಹಾನಿ: "ಸಾಕು ನಿಲ್ಸೇ ಮುದುಕಿ. ನನ್ನ ಟೇಪೆಲ್ಲ ನೀನೇ ತಿಂತೀಯ. ಯಾರಿಗೆ ಬೇಕು ನಿನ್ನ ಹಾಡು, ಹೇಗೂ ಕತ್ತರಿಸಿ ಎಸೀತೀನಿ. ಮದುಮಗಳ ತಾಯಿ ನೋಡು, ಸೋಫಾ ಎದ್ದು ನಡೆದ ಹಾಗೆ ಬರ್ತಿದಾಳೆ. ಇನ್ನು ಈ ಹುಡುಗಿ, ಊಟ ಆಯ್ತಾ ಅಂತೆ, ಭಿಕ್ಷುಕಿ ಅಂದ್ಕೊಂಡ್ಲೇನೋ ನನ್ನ. ಒಂದು ವರ್ಷ ಹೋಗ್ಲಿ, ನಿನ್ನ ಊಟ ಆಯ್ತಾ ಅಂತ ಯಾರೂ ಕೇಳಲ್ಲ ನೋಡ್ತಿರು." ಆಮೇಲೆ ಮತ್ತೆ ಅಜ್ಜಿಯ ಹಾಡು, ಮತ್ತೆ ಅದರ ಮೇಲೆ "ಮುಗೀತೇನೇ?"

ತಂತಿ ಕೀಳಬಹುದಿತ್ತು, ಎರಡು ಹೆಜ್ಜೆ. ತಹಾನಿಗೆ ಕಾಲು ಬರಲಿಲ್ಲ. ಮುಖದಿಂದ ಶುರುವಾದ ಬಿಸಿ ಕುತ್ತಿಗೆಗೆ, ಬೆನ್ನಿಗೆ, ಅಂಗೈಗೆ ಇಳಿಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುವುದು ಬರೀ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ಅವಳು ನಿಜವಾಗಿ ನೆಲದ ಕಡೆಗೆ ನೋಡಿದಳು. ಉಮ್ ಹಾತಿಮ್ ಕೊರಳ ಬಳಿ ಬಟ್ಟೆ ಸರಿಮಾಡಿಕೊಂಡಳು. ಬೈದಿದ್ದರೆ, ಕಾಫಿ ಎರಚಿದ್ದರೆ ಬದುಕಬಹುದಿತ್ತು. ವಿಸಾಲ್ ಮಂಡಿಯೂರಿದಲ್ಲೇ ಇದ್ದಳು. ಅವಳ ಮುಖದಲ್ಲಿ ಗೆದ್ದ ಕಳೆಯಿಲ್ಲ, ಅವಳಿಗೂ ನಾಚಿಕೆಯಾಗಿತ್ತು, ಮನೆಯ ಹೆಣ್ಣಿನ ಪರವಾಗಿ.

"ಯಾರೋ ಮಾತಾಡ್ತಿದಾರಲ್ಲ" ಎಂದಳು ಹಜ್ಜಾ ಖದ್ರಾ, ಒಳ್ಳೆಯ ಕಿವಿಯನ್ನು ಟಿವಿಯ ಕಡೆ ತಿರುಗಿಸಿ. "ನನ್ನ ಹಾಡಿನ ಮಧ್ಯೆ. ಏನಂತೆ?"

ರನೀಮ್ ತಹಾನಿಯನ್ನು ನೋಡಿದಳು. ಅಳು ಒಣಗಿ ಕೆನ್ನೆಯ ಮೇಲೆ ಗೆರೆ ಉಳಿದಿತ್ತು. ಆಮೇಲೆ ಅಜ್ಜಿಯ ಕಿವಿಗೆ ಬಾಯಿಟ್ಟು, ಒಂದೊಂದೇ ಮಾತನ್ನು ಬಿಡಿಸಿ ಕೂಗಿದಳು. "ಎಷ್ಟು ಚೆನ್ನಾಗಿ ಹಾಡ್ತಾಳೆ ಅಜ್ಜಿ, ದೇವರು ಆಯಸ್ಸು ಕೊಡ್ಲಿ, ಅಂತಿದಾಳೆ."

"ಯಾರೇ ಅದು?"

"ತಹಾನಿ. ಕ್ಯಾಮೆರಾ ಹಿಡಿದಿದ್ಲಲ್ಲ, ಇವಳೇ."

ಅಜ್ಜಿಯ ಮುಖ ಅರಳಿತು. "ಬಾರೇ ಇಲ್ಲಿ. ಅಷ್ಟು ಗದ್ದಲದಲ್ಲಿ ನನ್ನ ಹಾಡು ಕೇಳಿಸ್ಕೊಂಡವಳು ನೀನೊಬ್ಬಳೇ. ಮದುವೆ ಆಗಿದೆಯೇನೇ ಇವಳಿಗೆ?"

"ಇಲ್ಲಮ್ಮ" ಎಂದಳು ಉಮ್ ಹಾತಿಮ್, ಗೋಡೆಯನ್ನು ನೋಡುತ್ತ.

"ಹಾಗಾದ್ರೆ ಹರಸದೆ ಸುಮ್ನೆ ಹೋಗೋಕಾಗುತ್ತಾ?" ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟು, ತಹಾನಿಯ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಬಾಯಿಯ ಪಕ್ಕಕ್ಕೆ ಒಯ್ದಳು.

"ಆವೀಹಾ, ಕ್ಯಾಮೆರಾ ಹಿಡಿದ ಕೈಗೆ ಗೋರಂಟಿ ಬರಲಿ,
ಆವೀಹಾ, ಎಲ್ಲರ ಮದುವೆ ಕಂಡ ಕಣ್ಣು ತನ್ನದೂ ಕಾಣಲಿ,
ಆವೀಹಾ, ತಹಾನಿಯ ಬಾಯಿಂದ ಸಕ್ಕರೆ ಸುರಿಯಿತು,
ಆವೀಹಾ, ಅವಳ ಬಾಳಿನ ಬಟ್ಟಲು ಅದರಿಂದಲೇ ತುಂಬಲಿ."

ಆವೀಹಾಕ್ಕೆ ಕೂತ ಹೆಂಗಸರು ನಾಲಿಗೆ ಕುಣಿಸಿ ಝಗ್ರೂತ ಕೂಗಲೇಬೇಕು. ಕೂಗದೆ ಬಿಟ್ಟರೆ ಹರಕೆ ಅರ್ಧಕ್ಕೆ ನಿಂತು ಅಪಶಕುನವಾಗುತ್ತದೆ. ಜಗಳವಾಡಿದವರೂ, ಮಾತು ಬಿಟ್ಟವರೂ ಕೂಗುತ್ತಾರೆ. ಅಜ್ಜಿ ಕೂಗಿಗಾಗಿ ಕಾಯುತ್ತ ಅತ್ತಿತ್ತ ನೋಡಿದಳು. ಆಗ ರನೀಮ್ ಕೂಗಿದಳು. ಅವಳ ಹಿಂದೆ, ಗೋಡೆಯಿಂದ ಕಣ್ಣು ತೆಗೆಯದೆ, ಉಮ್ ಹಾತಿಮ್ ಕೂಗಿದಳು. ಮೇಜಿನ ಪಕ್ಕ ನೆಲದಲ್ಲಿದ್ದ ವಿಸಾಲ್ ಎಲ್ಲರಿಗಿಂತ ಉದ್ದಕ್ಕೆ, ಉಸಿರು ಮುಗಿಯುವವರೆಗೆ ಕೂಗಿದಳು. ತಹಾನಿ ನಡುವೆ ನಿಂತಿದ್ದಳು. ತನಗಾಗಿ ಯಾರೂ ಯಾವತ್ತೂ ಝಗ್ರೂತ ಕೂಗಿರಲಿಲ್ಲ. ಅವಳಿಗೆ ಅಳು ಬಂತು, ಅಳುವುದಕ್ಕೂ ತನಗೆ ಹಕ್ಕಿಲ್ಲ ಎನಿಸಿ ತುಟಿ ಕಚ್ಚಿಕೊಂಡಳು.

ಅಜ್ಜಿ ಕೈ ಬಿಟ್ಟಿರಲಿಲ್ಲ. "ಏನೇ ಹುಡುಗಿ, ಇಷ್ಟು ಹಾಡಿದೀನಿ, ಆಮೀನ್ ಅನ್ನು."

"ಆಮೀನ್" ಎಂದಳು ತಹಾನಿ.

"ಕೇಳಿಸ್ಲಿಲ್ಲ" ಎಂದಳು ಅಜ್ಜಿ, ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದು. "ಜೋರಾಗಿ ಹೇಳಮ್ಮ, ಎಲ್ಲರಿಗೂ ಕೇಳಿಸ್ಲಿ."